ಹೆರಿಂಗ್ ಬೆನ್ನಟ್ಟಿ ಬಂದ ಮೀನು: ಸ್ಕಾರ್ಬರೋ ಕಡಲಿನ ಗಾಳದ ಕಾಲ

ಇಂಗ್ಲೆಂಡಿನ ಪೂರ್ವ ತೀರದಲ್ಲಿ, ಯಾರ್ಕ್‌ಶೈರ್ ಸೀಮೆಗೆ ಸೇರಿದ ಸ್ಕಾರ್ಬರೋ ಎಂಬ ಬಂದರು ಪಟ್ಟಣವು 1930ರಿಂದ 1954ರವರೆಗಿನ ಅವಧಿಯಲ್ಲಿ, ಎರಡನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ, ಕಡಲಿನಲ್ಲಿ ಗಾಳ ಹಾಕಿ ದೊಡ್ಡ ಮೀನು ಹಿಡಿಯುವ ಹವ್ಯಾಸದ ಪ್ರಸಿದ್ಧ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿಗೆ ಬರುತ್ತಿದ್ದವರು ಅರಸುತ್ತಿದ್ದುದು ನೀಲಿ ರೆಕ್ಕೆಯ ಟ್ಯೂನಾ ಮೀನನ್ನು. ಆಳೆತ್ತರವನ್ನೂ ಮೀರಿ ಬೆಳೆದು ಮೂರು, ನಾಲ್ಕು ಕ್ವಿಂಟಲ್ ತೂಗುವ ಈ ಮೀನನ್ನು ಆ ಕಾಲದ ಬ್ರಿಟನ್ನಿನವರು ಟನ್ನಿ ಎಂದು ಕರೆಯುತ್ತಿದ್ದರು. ಕರ್ನಾಟಕದ ಕರಾವಳಿಯ ಮಾರುಕಟ್ಟೆಗಳಿಗೆ ಕೇದರ ಎಂಬ ಹೆಸರಿನಲ್ಲಿ ಬರುವ ಮೀನುಗಳು ಇದೇ ಬಳಗಕ್ಕೆ ಸೇರಿದವಾದರೂ, ಗಾತ್ರದಲ್ಲಿ ಅಟ್ಲಾಂಟಿಕ್ಕಿನ ಈ ಬಂಧುವಿಗೆ ಅವು ಸಾಟಿಯಾಗಲಾರವು. ಸ್ಕಾರ್ಬರೋದ ಆ ದಿನಗಳು ಛಾಯಾಚಿತ್ರಗಳಲ್ಲಿ, ಸಿನಿಮಾ ಮಂದಿರಗಳಲ್ಲಿ ತೋರಿಸುತ್ತಿದ್ದ ಸುದ್ದಿಚಿತ್ರಗಳಲ್ಲಿ ಮತ್ತು ಗಾಳಗಾರರೇ ಬರೆದ ಪುಸ್ತಕಗಳಲ್ಲಿ ಉಳಿದುಬಂದಿದ್ದು, ಅವುಗಳಲ್ಲೆಲ್ಲ ಎದ್ದು ಕಾಣುವುದು ಸಿರಿವಂತರ ಹೆಸರುಗಳು ಮತ್ತು ಮೀನುಗಳ ತೂಕ. ಆದರೆ ಈ ಇಡೀ ಕಾಲಘಟ್ಟವು ಹೆರಿಂಗ್ ಎಂಬ ಗೇಣುದ್ದದ ಮೀನಿನ ಮೇಲೆ ಮತ್ತು ಅದನ್ನು ನಂಬಿ ಬದುಕುತ್ತಿದ್ದ ಮೀನುಗಾರ ಕುಟುಂಬಗಳ ಮೇಲೆ ನಿಂತಿತ್ತು; ಆ ಆಧಾರವನ್ನು ಗಮನಿಸದೆ ಹೋದರೆ ಟ್ಯೂನಾ ಬಂದುದೇಕೆ, ಹೋದುದೇಕೆ ಎಂಬೆರಡೂ ಪ್ರಶ್ನೆಗಳು ಹಾಗೆಯೇ ಉಳಿದುಬಿಡುತ್ತವೆ.

ಸ್ಕಾರ್ಬರೋ ಪಟ್ಟಣಕ್ಕೆ ಹಿಂದಿನಿಂದಲೂ ಎರಡು ಮುಖಗಳಿದ್ದವು. 17ನೇ ಶತಮಾನದಲ್ಲಿ ಅಲ್ಲಿ ಕಂಡುಬಂದ ಖನಿಜಯುಕ್ತ ನೀರಿನ ಒರತೆಯು ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ ಹಬ್ಬಿ, ನೀರು ಕುಡಿಯಲು ಬಂದವರು ಕಡಲಿನಲ್ಲಿ ಮೀಯುವುದನ್ನೂ ರೂಢಿಸಿಕೊಂಡಿದ್ದರಿಂದ, ಅದು ಬ್ರಿಟನ್ನಿನ ಮೊದಮೊದಲ ಕಡಲತೀರದ ವಿಹಾರಧಾಮಗಳಲ್ಲಿ ಒಂದಾಯಿತು. 1845ರಲ್ಲಿ ಯಾರ್ಕ್ ನಗರದಿಂದ ರೈಲು ಬಂದಿತು. 1867ರಲ್ಲಿ ದಕ್ಷಿಣ ಕೊಲ್ಲಿಯ ನೆತ್ತಿಯ ಮೇಲೆ ಗ್ರ್ಯಾಂಡ್ ಹೋಟೆಲ್ ಎಂಬ ಭಾರಿ ವಸತಿಗೃಹ ತೆರೆಯಿತು. ಅದೇ ಕೊಲ್ಲಿಯ ಇನ್ನೊಂದು ತುದಿಯಲ್ಲಿ, ಕೋಟೆಯ ಗುಡ್ಡದ ಕೆಳಗೆ, ಮೀನುಗಾರರ ಹಳೆಯ ಊರು ಮತ್ತು ಧಕ್ಕೆ ಇದ್ದವು. ರಜೆ ಕಳೆಯಲು ಬಂದ ವರ್ತಕನೂ ಬಲೆ ಎಳೆದು ದಣಿದು ಬಂದ ಮೀನುಗಾರನೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದ ಈ ಪಟ್ಟಣದಲ್ಲಿಯೇ ಟ್ಯೂನಾ ಬೇಟೆ ಬೇರುಬಿಟ್ಟಿತು. ಹಣವುಳ್ಳವನಿಗೆ ಬೇಕಾದ ಹೋಟೆಲು, ರೈಲು, ವಿಹಾರನೌಕೆಗಳಿಗೆ ಬೇಕಾದ ಬಂದರು ಒಂದೆಡೆ. ಕಡಲಿನ ಒಳಹೊರಗು ಬಲ್ಲ ಜನ ಇನ್ನೊಂದೆಡೆ. ಇವೆರಡೂ ಒಟ್ಟಿಗೆ ದೊರೆಯುವ ಸ್ಥಳಗಳು ಆ ತೀರದಲ್ಲಿ ಹೆಚ್ಚಿರಲಿಲ್ಲ.

ಹೆರಿಂಗ್ ಎಂಬುದು ನಮ್ಮ ಬೂತಾಯಿಗೆ ಹತ್ತಿರದ, ಬೆಳ್ಳಿಯ ಬಣ್ಣದ, ಎಣ್ಣೆಯಂಶ ಹೆಚ್ಚಿರುವ ಮೀನು. ಬೂತಾಯಿಯಂತೆಯೇ ಅದು ದೊಡ್ಡ ದೊಡ್ಡ ಹಿಂಡುಗಳಲ್ಲಿ ಸಂಚರಿಸುತ್ತದೆ. ಹಗಲಿನಲ್ಲಿ ಆಳದಲ್ಲಿರುವ ಈ ಹಿಂಡುಗಳು ಕತ್ತಲಾದ ಮೇಲೆ ನೀರಿನ ಮೇಲ್ಪದರಕ್ಕೆ ಏರುವುದರಿಂದ, ಮೀನುಗಾರರು ಸಂಜೆ ಹೊತ್ತಿಗೆ ಉದ್ದನೆಯ ತೇಲುಬಲೆಗಳನ್ನು ಪರದೆಯಂತೆ ನೀರಿನಲ್ಲಿ ಇಳಿಬಿಟ್ಟು, ದೋಣಿಯನ್ನು ಗಾಳಿ ಮತ್ತು ಸೆಳೆತಕ್ಕೆ ಬಿಟ್ಟುಕೊಟ್ಟು ರಾತ್ರಿಯೆಲ್ಲ ಕಾಯುತ್ತಿದ್ದರು. ಹೀಗೆ ಬಲೆಯೊಡನೆ ತೇಲುತ್ತ ಮೀನು ಹಿಡಿಯುವ ದೋಣಿಗಳಿಗೆ ಡ್ರಿಫ್ಟರ್ ಎಂಬ ಹೆಸರಿತ್ತು. ಬೇಸಿಗೆಯ ಮೊದಲಿಗೆ ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲೆಂಡ್ ದ್ವೀಪಗಳ ಸುತ್ತ ಆರಂಭವಾಗುವ ಸುಗ್ಗಿಯು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಯಾರ್ಕ್‌ಶೈರ್ ಕಡಲಿಗೆ ಇಳಿದು, ಚಳಿಗಾಲದ ಮುಂಚೆ ಇನ್ನೂ ದಕ್ಷಿಣದ ಗ್ರೇಟ್ ಯಾರ್ಮತ್ ಮತ್ತು ಲೋವೆಸ್ಟಾಫ್ಟ್ ಬಂದರುಗಳನ್ನು ತಲಪುತ್ತಿತ್ತು. ಮೀನು ಸಾಗಿದ ಹಾಗೆ ನೂರಾರು ದೋಣಿಗಳೂ ಬಂದರಿನಿಂದ ಬಂದರಿಗೆ ಸಾಗುತ್ತಿದ್ದವು.

ದೋಣಿಗಳ ಹಿಂದೆಯೇ, ನೆಲದ ಮೇಲೆ, ರೈಲಿನಲ್ಲಿ ಸ್ಕಾಟ್ಲೆಂಡಿನ ಹೆಣ್ಣುಮಕ್ಕಳ ದಂಡೊಂದು ಸಾಗುತ್ತಿತ್ತು. ಹೆರಿಂಗ್ ಹುಡುಗಿಯರೆಂದೇ ಹೆಸರಾದ ಇವರು ಮೂವರು ಮೂವರು ಸೇರಿ ಒಂದೊಂದು ತಂಡ ಕಟ್ಟಿಕೊಂಡು, ಇಬ್ಬರು ಸಣ್ಣ ಚೂರಿಯಿಂದ ಮೀನಿನ ಕರುಳು ತೆಗೆದು ಗಾತ್ರಕ್ಕೆ ತಕ್ಕಂತೆ ಬುಟ್ಟಿಗಳಿಗೆ ಎಸೆಯುತ್ತಿದ್ದರೆ, ಮೂರನೆಯವಳು ಅವನ್ನು ಉಪ್ಪಿನೊಡನೆ ಪದರಪದರವಾಗಿ ಮರದ ಪೀಪಾಯಿಗೆ ತುಂಬುತ್ತಿದ್ದಳು. ಪಳಗಿದ ಕೈ ನಿಮಿಷವೊಂದಕ್ಕೆ ನಲವತ್ತಕ್ಕೂ ಹೆಚ್ಚು ಮೀನು ಸೀಳುತ್ತಿತ್ತು. ಚೂರಿ ತಾಗಿ ಆದ ಗಾಯಕ್ಕೆ ಉಪ್ಪು ಸೇರಿದರೆ ಅದು ಬೇಗ ಮಾಯುವುದಿಲ್ಲವಾದ್ದರಿಂದ, ಬೆಳಗ್ಗೆ ಕೆಲಸಕ್ಕೆ ನಿಲ್ಲುವ ಮೊದಲೇ ಪ್ರತಿಯೊಬ್ಬಳೂ ಹಿಟ್ಟಿನ ಚೀಲದಿಂದ ಹರಿದ ಹತ್ತಿಬಟ್ಟೆಯ ಪಟ್ಟಿಯನ್ನು ಬೆರಳು ಬೆರಳಿಗೂ ಸುತ್ತಿ ದಾರದಿಂದ ಬಿಗಿದುಕೊಳ್ಳುತ್ತಿದ್ದಳು. ದೋಣಿ ಬರುವುದು ತಡವಾದಾಗ ಅದೇ ಬೆರಳುಗಳು ಉಣ್ಣೆಯ ಅಂಗಿ ಹೆಣೆಯುತ್ತಿದ್ದವು. ಪೀಪಾಯಿಗಳು ಜರ್ಮನಿಗೂ ರಷ್ಯಾಕ್ಕೂ ಹೋಗುತ್ತಿದ್ದವು. 1913ರಲ್ಲಿ ತುತ್ತತುದಿಗೆ ಏರಿದ್ದ ಈ ವ್ಯಾಪಾರವು ಮೊದಲನೆಯ ಮಹಾಯುದ್ಧ ಮತ್ತು ರಷ್ಯಾದ ಕ್ರಾಂತಿಯಿಂದ ಬಿದ್ದ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ.

ಗಾಳವೂ ಆ ತೀರದ ಜನರಿಗೆ ಹೊಸದಾಗಿರಲಿಲ್ಲ. ಚಳಿಗಾಲದಲ್ಲಿ ಕಾಡ್ ಮೀನು ಹಿಡಿಯಲು ಸ್ಕಾರ್ಬರೋ, ಫೈಲಿ, ಫ್ಲ್ಯಾಂಬರೋ ಊರುಗಳ ಮೀನುಗಾರರು ನೂರಾರು ಗಾಳಗಳನ್ನು ಕಟ್ಟಿದ ಉದ್ದನೆಯ ಹಗ್ಗಗಳನ್ನು ಕಡಲಿನ ತಳಕ್ಕೆ ಬಿಡುತ್ತಿದ್ದರು. ಇದಕ್ಕೆ ಅವರು ಬಳಸುತ್ತಿದ್ದ ಕೋಬಲ್ ಎಂಬ ದೋಣಿಯು ಮುಂಭಾಗದಲ್ಲಿ ಎತ್ತರವಾಗಿ, ಹಿಂಭಾಗದ ತಳ ಚಪ್ಪಟೆಯಾಗಿ ಇರುವುದರಿಂದ ಅಲೆಗೆ ಎದೆಯೊಡ್ಡಿ ನಿಲ್ಲಲೂ ಮರಳಿನ ಮೇಲೆ ನೇರವಾಗಿ ಎಳೆದು ತರಲೂ ಒದಗುತ್ತಿತ್ತು. ಅಷ್ಟೂ ಗಾಳಗಳಿಗೆ ಎರೆ ಸಿಕ್ಕಿಸುವುದು ಮನೆಯ ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಂದ ಕೆಲಸ. 19ನೇ ಶತಮಾನದಲ್ಲಿ ಫೈಲಿ ಮತ್ತು ಫ್ಲ್ಯಾಂಬರೋ ಹೆಂಗಸರು ಇಳಿತದ ಹೊತ್ತು ನೋಡಿಕೊಂಡು, ಬಂಡೆಗಳಿಗೆ ಅಂಟಿಕೊಂಡಿರುವ ಚಿಪ್ಪಿನ ಹುಳುಗಳನ್ನು ಕಿತ್ತು ತರಲು ಮೈಲಿಗಟ್ಟಲೆ ನಡೆಯುತ್ತಿದ್ದರು. ಆಮೇಲೆ ಬಂದ ಟ್ಯೂನಾ ಬೇಟೆಯಲ್ಲಿ ಸಿರಿವಂತರಿಗೆ ದಾರಿ ತೋರಿದ ಅಂಬಿಗರು ಇಂಥ ಮನೆಗಳಲ್ಲಿ ಹುಟ್ಟಿ ಬೆಳೆದವರು. ಮೀನು ಗಾಳ ಕಚ್ಚುವ ಕ್ಷಣವನ್ನು ಹಗ್ಗದ ಮಿಡಿತದಲ್ಲೇ ತಿಳಿಯುವ ಅವರ ಅರಿವು ಯಾವ ಕ್ಲಬ್ಬಿನ ಪುಸ್ತಕದಿಂದಲೂ ಬಂದುದಲ್ಲ.

ಹೊಟ್ಟೆಪಾಡಿನ ಗಾಳ ಹೀಗಿರುವಾಗ, ಹವ್ಯಾಸದ ಗಾಳವು ಬ್ರಿಟನ್ನಿನಲ್ಲಿ ಬಹಳ ಕಾಲ ಹೊಳೆ, ಕೆರೆಗಳಿಗೆ ಸೀಮಿತವಾಗಿತ್ತು. ಸಾಲ್ಮನ್, ಟ್ರೌಟ್ ಮೀನುಗಳನ್ನು ಕೋಲು ಹಿಡಿದು ಬೇಟೆಯಾಡುವುದು ಮರ್ಯಾದಸ್ಥರ ವಿನೋದವೆನಿಸಿದ್ದರೆ, ಕಡಲಿನ ಮೀನನ್ನು ಅದೇ ರೀತಿ ಹಿಡಿಯುವುದಕ್ಕೆ ಅಷ್ಟು ಗೌರವವಿರಲಿಲ್ಲ. ಆಂಗ್ಲ ಅಧಿಕಾರಿಗಳು ಈ ಒಲವನ್ನು ತಮ್ಮೊಡನೆ ಭಾರತಕ್ಕೂ ತಂದರು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದಲೇ ಹೊರಬಂದಿತು. ಭಾರತದಲ್ಲಿ ಗಾಳದ ಹವ್ಯಾಸದ ಬಗ್ಗೆ ಬಂದ ಮುಖ್ಯ ಗ್ರಂಥಗಳಲ್ಲಿ ಇದೊಂದು. ಅರಬ್ಬೀ ಕಡಲಿನ ದಡದ ಊರಿನಲ್ಲಿ ಅಚ್ಚಾದ ಆ ಪುಸ್ತಕದ ಹೆಚ್ಚಿನ ಪುಟಗಳು ಮಹಶೀರ್ ಮುಂತಾದ ಹೊಳೆಮೀನುಗಳಿಗೆ ಮೀಸಲಾಗಿದ್ದುದನ್ನು ನೋಡಿದರೆ, ಆ ತಲೆಮಾರಿನ ಒಲವು ಯಾವ ಕಡೆಗಿತ್ತೆಂಬುದು ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಕಡಲಿನ ಗಾಳಗಾರರ ಸಂಘ ಹುಟ್ಟಿದ್ದು 1893ರಲ್ಲಿ. ಊರೂರಿನ ಸಂಘಗಳ ಒಕ್ಕೂಟ ರೂಪುಗೊಂಡದ್ದು 1904ರಲ್ಲಿ. ಆ ಹೊತ್ತಿಗೆ ರೈಲಿನ ದೆಸೆಯಿಂದ ಗಿರಣಿ ಕಾರ್ಮಿಕರೂ ಗುಮಾಸ್ತರೂ ಕಡಲತೀರಕ್ಕೆ ಬರತೊಡಗಿದ್ದು, ಧಕ್ಕೆಯ ಮೇಲೆ ನಿಂತು ಮರಳಿನ ಹುಳುವನ್ನು ಎರೆಯಾಗಿಸಿ ಸಣ್ಣ ಕಾಡ್, ಬಂಗುಡೆ ಹಿಡಿಯುವುದು ಕಡಿಮೆ ಖರ್ಚಿನ ಜನಪ್ರಿಯ ವಿನೋದವಾಗಿ ಬೆಳೆಯುತ್ತಿತ್ತು.

ದೈತ್ಯ ಮೀನುಗಳನ್ನು ಗಾಳದಿಂದ ಹಿಡಿಯುವ ಪಂಥವು ಮೂಲದಲ್ಲಿ ಅಮೆರಿಕದ್ದು. ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು 1898ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದ ಬಳಿ 183 ಪೌಂಡ್ ತೂಕದ ಟ್ಯೂನಾ ಹಿಡಿದು, ಅದೇ ವರ್ಷ ಟ್ಯೂನಾ ಕ್ಲಬ್ ಸ್ಥಾಪಿಸಿದರು. ಮೀನಿಗೂ ಸೆಣಸಲು ಅವಕಾಶವಿರಬೇಕು, ದಾರ ಇಂತಿಷ್ಟೇ ಗಟ್ಟಿಯಿರಬೇಕು, ಗಾಳಗಾರನಿಗೆ ಬೇರೆಯವರು ಕೈ ನೀಡಬಾರದು ಎಂಬ ನಿಯಮಗಳು ಅಲ್ಲಿಂದ ಬೆಳೆದು ಬಂದವು. ಕೌಬಾಯ್ ಕಾದಂಬರಿಗಳಿಂದ ಹೆಸರಾಗಿದ್ದ ಝೇನ್ ಗ್ರೇ 1924ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ತೀರದಲ್ಲಿ ಹಿಡಿದ 758 ಪೌಂಡ್ ತೂಕದ ಟ್ಯೂನಾ ಜಗತ್ತಿನ ದಾಖಲೆಯಾಯಿತು.

ಉತ್ತರ ಸಮುದ್ರಕ್ಕೂ ಇಂಥ ಮೀನು ಬರುತ್ತದೆಂಬ ಸಂಗತಿ ಹೆರಿಂಗ್ ಮೀನುಗಾರರಿಗೆ ಮೊದಲೇ ಗೊತ್ತಿತ್ತು. ನೀಲಿ ರೆಕ್ಕೆಯ ಟ್ಯೂನಾ ಬೇಸಿಗೆಯ ಆರಂಭದಲ್ಲಿ ಮೆಡಿಟರೇನಿಯನ್ನಿನ ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯಿಟ್ಟು, ಬಡಕಲಾದ ಮೈಯನ್ನು ಮತ್ತೆ ತುಂಬಿಕೊಳ್ಳಲು ಉತ್ತರಕ್ಕೆ ಸಾವಿರಾರು ಮೈಲಿ ಈಜುತ್ತದೆ. ಸಾಮಾನ್ಯವಾಗಿ ಮೀನಿನ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ; ಟ್ಯೂನಾದಲ್ಲಿ ಮಾತ್ರ ಸ್ನಾಯುಗಳಿಂದ ಬರುವ ಬಿಸಿರಕ್ತದ ನಾಳಗಳೂ ಕಿವಿರುಗಳಿಂದ ಬರುವ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿ ಹೆಣೆದುಕೊಂಡು, ಬಿಸಿಯು ಹೊರಗೆ ಸೋರಿಹೋಗದಂತೆ ಒಳಗೇ ಹಿಡಿದಿಡುತ್ತವೆ. ಸಿಂಹಳದಲ್ಲಿ ಸೇನಾ ವೈದ್ಯರಾಗಿದ್ದ ಜಾನ್ ಡೇವಿ ಎಂಬ ವಿಜ್ಞಾನಿ ಈ ಬಳಗದ ಮೀನಿನ ಮೈ ನೀರಿಗಿಂತ ಬಿಸಿಯಾಗಿರುವುದನ್ನು ಅಳೆದು, 1835ರಲ್ಲೇ ಪ್ರಕಟಿಸಿದ್ದರು. ಈ ಏರ್ಪಾಡಿನ ಬಲದಿಂದಲೇ ಅದು ಉತ್ತರದ ಚಳಿನೀರಿನಲ್ಲೂ ತನ್ನ ವೇಗವನ್ನು ಕಳೆದುಕೊಳ್ಳದೆ ಬೇಟೆಯಾಡಬಲ್ಲದು. ಅಲ್ಲಿ ಅದನ್ನು ಕಾಯುತ್ತಿದ್ದುದು ಹೆರಿಂಗ್. ಮುಂಜಾವಿನಲ್ಲಿ ಬಲೆ ಎಳೆಯುವಾಗ ಕಣ್ಣಿಯಿಂದ ಜಾರಿ ಬೀಳುವ ಮೀನುಗಳಿಗಾಗಿ ಟ್ಯೂನಾಗಳು ದೋಣಿಯ ಪಕ್ಕಕ್ಕೇ ಬರುವುದನ್ನು ಮೀನುಗಾರರು ಮೊದಲನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಿಂದ ಕಾಣುತ್ತಿದ್ದರು. ಅವರ ಬಾಯಿಂದ ಬಾಯಿಗೆ ಹರಿದ ಸುದ್ದಿಯೇ ಗಾಳಗಾರರ ಕಿವಿಯನ್ನು ಮುಟ್ಟಿತು.

ಲೊರೆಂಝೊ ಮಿಚೆಲ್ ಹೆನ್ರಿ ಎಂಬವರು 1930ರ ಆಗಸ್ಟ್ 27ರಂದು ಸ್ಕಾರ್ಬರೋ ಕಡಲಿನಲ್ಲಿ 560 ಪೌಂಡ್, ಅಂದರೆ ಸುಮಾರು 254 ಕಿಲೊ ತೂಕದ ಟ್ಯೂನಾ ಹಿಡಿದರು. ಬ್ರಿಟನ್ನಿನ ನೀರಿನಲ್ಲಿ ಕೋಲು ಮತ್ತು ಗಾಳದಿಂದ ಹಿಡಿದ ಮೊದಲ ಟ್ಯೂನಾ ಅದು. ಐರ್ಲೆಂಡಿನ ಕಾನಮಾರಾದಲ್ಲಿ ಕೈಲ್‌ಮೋರ್ ಕೋಟೆಮನೆಯನ್ನು ಕಟ್ಟಿಸಿದ ಸಿರಿವಂತ ಸಂಸದರ ಮಗನಾದ ಮಿಚೆಲ್ ಹೆನ್ರಿ ಬರಿಯ ಹಣವಂತರಾಗಿರದೆ, ದೊಡ್ಡ ಮೀನು ಬೇಟೆಯ ಸಲಕರಣೆಗಳನ್ನು ಸ್ವತಃ ರೂಪಿಸುತ್ತ, ಪರೀಕ್ಷಿಸುತ್ತ ಬಂದ ನಿಷ್ಠಾವಂತರು. ತಮ್ಮ ಅನುಭವಗಳನ್ನು 1934ರಲ್ಲಿ ಪುಸ್ತಕವಾಗಿಯೂ ತಂದರು. ಈಜಿಪ್ಟಿನಲ್ಲಿ ವ್ಯಾಪಾರ ಹೂಡಿದ್ದ ಕರ್ನಲ್ ಎಡ್ವರ್ಡ್ ಪೀಲ್ 1932ರಲ್ಲಿ 798 ಪೌಂಡ್ ತೂಕದ ಟ್ಯೂನಾ ಹಿಡಿದು ಝೇನ್ ಗ್ರೇ ದಾಖಲೆಯನ್ನು ನಲವತ್ತು ಪೌಂಡುಗಳಿಂದ ಮುರಿದಾಗ, ಸ್ಕಾರ್ಬರೋ ಹೆಸರು ಅಟ್ಲಾಂಟಿಕ್ಕಿನ ಆಚೆಗೂ ಹಬ್ಬಿತು. ಮರುವರ್ಷ, 1933ರ ಸೆಪ್ಟೆಂಬರಿನಲ್ಲಿ, ಮಿಚೆಲ್ ಹೆನ್ರಿ 851 ಪೌಂಡ್, ಸುಮಾರು 386 ಕಿಲೊ ತೂಕದ ಮೀನನ್ನು ದಡಕ್ಕೆ ತಂದರು. ಅದೇ ವರ್ಷ ಬ್ರಿಟಿಷ್ ಟನ್ನಿ ಕ್ಲಬ್ ಸ್ಕಾರ್ಬರೋವನ್ನೇ ಕೇಂದ್ರವಾಗಿಸಿಕೊಂಡು ಆರಂಭವಾಯಿತು.

ಬೇಟೆಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಗಾಳಗಾರನು ತನ್ನ ವಿಹಾರನೌಕೆಯಲ್ಲೋ ಬಾಡಿಗೆಗೆ ಹಿಡಿದ ಮೀನುಗಾರಿಕಾ ದೋಣಿಯಲ್ಲೋ ದಡದಿಂದ ಹತ್ತಾರು ಮೈಲಿ ದೂರಕ್ಕೆ ಹೋಗಿ, ಬಲೆ ಎಳೆಯುತ್ತಿರುವ ಹೆರಿಂಗ್ ದೋಣಿಗಳನ್ನು ಮೊದಲು ಹುಡುಕಬೇಕಾಗಿತ್ತು; ಅವು ಇದ್ದಲ್ಲಿ ಮಾತ್ರ ಟ್ಯೂನಾ ಇರುತ್ತಿತ್ತು. ಬಳಿಕ ದೊಡ್ಡ ದೋಣಿಯಿಂದ ಸಣ್ಣ ಹುಟ್ಟುದೋಣಿಗೆ ಅಂಬಿಗನೊಡನೆ ಇಳಿದು, ಹೆರಿಂಗ್‌ಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತ ಟ್ಯೂನಾವನ್ನು ಹತ್ತಿರಕ್ಕೆ ಸೆಳೆದು, ಅವುಗಳ ನಡುವೆ ಗಾಳವನ್ನು ಮೈಯೊಳಗೆ ಅಡಗಿಸಿಕೊಂಡ ಹೆರಿಂಗ್ ಒಂದನ್ನು ತೇಲಿಬಿಡುವುದು ಕ್ರಮ. ಮೀನು ಗಾಳ ನುಂಗಿ ಓಡತೊಡಗಿದರೆ ನೂರಾರು ಗಜ ದಾರ ಕಣ್ಣೆದುರೇ ರೀಲಿನಿಂದ ಬಿಚ್ಚಿಹೋಗುತ್ತಿತ್ತು. ದಾರ ಮುಗಿಯುವ ಹೊತ್ತಿಗೆ ಮೀನು ನಿಲ್ಲದಿದ್ದರೆ ದೋಣಿಯನ್ನೇ ಅದು ತನ್ನ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಆಗ ದೋಣಿಯ ಮುಖವನ್ನು ಮೀನಿನ ದಿಕ್ಕಿಗೇ ತಿರುಗಿಸಿ ಹಿಡಿಯುವುದು ಅಂಬಿಗನ ಹೊಣೆ. ಅಡ್ಡಲಾಗಿ ತಿರುಗಿದರೆ ದಾರ ತುಂಡಾಗುವುದಷ್ಟೇ ಅಲ್ಲ, ದೋಣಿ ಮಗುಚುವ ಅಪಾಯವೂ ಇತ್ತು. ಗಾಳಗಾರನು ಹೆಗಲಿಗೆ ಹಾಕಿಕೊಂಡ ಚರ್ಮದ ಪಟ್ಟಿಗಳನ್ನು ರೀಲಿಗೆ ಸಿಕ್ಕಿಸಿಕೊಂಡು, ಕೈಯ ಬಲಕ್ಕಿಂತ ಬೆನ್ನು ಮತ್ತು ಕಾಲುಗಳ ಬಲದಿಂದ ಕೋಲನ್ನು ಮೇಲೆತ್ತಿ, ಇಳಿಸುವಾಗ ದೊರೆಯುವ ಮೊಳದಷ್ಟು ಸಡಿಲವನ್ನು ಬೇಗನೆ ಸುತ್ತಿಕೊಳ್ಳುತ್ತ, ಕೆಲವೊಮ್ಮೆ ಗಂಟೆಗಟ್ಟಲೆ ಸೆಣಸುತ್ತಿದ್ದನು.

ನೈಲಾನ್ ಬರುವುದಕ್ಕೆ ಮುಂಚಿನ ಆ ದಿನಗಳಲ್ಲಿ ದಾರವನ್ನು ಅಗಸೆ ನಾರಿನಿಂದ ಹೊಸೆಯುತ್ತಿದ್ದು, ಅದರ ಬಲವನ್ನು ಎಳೆಗಳ ಎಣಿಕೆಯಿಂದ ಹೇಳುತ್ತಿದ್ದರು. ದೊಡ್ಡ ಮೀನುಗಳಿಗೆ 39 ಎಳೆಯ ದಾರ ಬಳಕೆಯಲ್ಲಿತ್ತು. ಅಗಸೆ ದಾರ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಆದರೆ ಉಪ್ಪುನೀರಿನ ತೇವ ಉಳಿದರೆ ಒಳಗಿಂದೊಳಗೆ ಕೊಳೆಯುತ್ತದೆ. ಆದ್ದರಿಂದ ದಡಕ್ಕೆ ಮರಳಿದ ಮೇಲೆ ಅಷ್ಟುದ್ದದ ದಾರವನ್ನು ಪೂರ್ತಿ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಮರದ ಚೌಕಟ್ಟಿಗೆ ಸುತ್ತಿ ಒಣಗಿಸಿ, ಸವೆದ ಭಾಗವನ್ನು ಬೆರಳಿನಿಂದ ತಡವಿ ಗುರುತಿಸಿ ಕತ್ತರಿಸಿ ಹಾಕಬೇಕಾಗಿತ್ತು. ಎಷ್ಟೋ ಮೀನುಗಳು ಕೈತಪ್ಪಿದ್ದಕ್ಕೆ ದಾರದ ಅಂಥ ಸಣ್ಣ ಕೊಳೆತವೇ ಕಾರಣವಾಗುತ್ತಿತ್ತು. ದಡಕ್ಕೆ ಬಂದ ಮೀನನ್ನು ಧಕ್ಕೆಯಲ್ಲಿ ಬಾಲದಿಂದ ತೂಗುಹಾಕಿ, ತೂಕ ನೋಡಿ, ಪಕ್ಕದಲ್ಲಿ ಗಾಳಗಾರನನ್ನು ನಿಲ್ಲಿಸಿ ತೆಗೆದ ಚಿತ್ರಗಳೇ ಇಂದು ಆ ಕಾಲದ ಮುಖ್ಯ ಸಾಕ್ಷ್ಯಗಳು.

1930ರ ದಶಕದ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಸ್ಕಾರ್ಬರೋ ಕೊಲ್ಲಿಯು ವಿಹಾರನೌಕೆಗಳಿಂದ ತುಂಬಿಹೋಗುತ್ತಿತ್ತು. ಪೀಲ್ ಅವರ ‘ಸೇಂಟ್ ಜಾರ್ಜ್’, ಬ್ಯಾರನ್ ಆನ್ರಿ ದ ರಾತ್‌ಶೀಲ್ಡ್ ಅವರ ‘ಈರೋಸ್’ ಅಲ್ಲಿಗೆ ಬಂದ ನೌಕೆಗಳಲ್ಲಿ ಹೆಸರಾದವು. ಹೆಂಗಸರಿಗಾಗಿಯೇ ಪ್ರತ್ಯೇಕ ಪಂದ್ಯದ ಬಟ್ಟಲು ಇತ್ತು, ಲೇಡಿ ಬ್ರೌಟನ್ ಮುಂತಾದವರು ಗಂಡಸರಿಗೆ ಸರಿಸಮನಾಗಿ ಕೋಲು ಹಿಡಿದರು. ಪತ್ರಿಕೆಗಳು ದಿನದಿನದ ತೂಕಗಳನ್ನು ಅಚ್ಚುಮಾಡಿದವು, ಮೀನು ನೋಡಲೆಂದೇ ಜನ ಧಕ್ಕೆಯಲ್ಲಿ ನೆರೆದರು. ಇದೇ ವರ್ಷಗಳಲ್ಲಿ ಅದೇ ಧಕ್ಕೆಯನ್ನು ನಂಬಿದ್ದ ಹೆರಿಂಗ್ ಮೀನುಗಾರರ ಬದುಕು ಕುಸಿಯುತ್ತಿತ್ತು ಎಂಬುದನ್ನು ಟ್ಯೂನಾ ಕುರಿತ ಬರಹಗಳು ವಿರಳವಾಗಿ ಹೇಳುತ್ತವೆ. ಹೊರದೇಶಗಳ ಮಾರುಕಟ್ಟೆ ಮುಚ್ಚಿ, ಬೆಲೆ ಬಿದ್ದು, ಹಳೆಯ ಡ್ರಿಫ್ಟರ್‌ಗಳನ್ನು ಬದಲಿಸುವ ಶಕ್ತಿಯಿಲ್ಲದೆ ಮಾಲೀಕರು ಸಾಲಕ್ಕೆ ಬಿದ್ದಿದ್ದರಿಂದ, ಬ್ರಿಟನ್ ಸರ್ಕಾರವು 1935ರಲ್ಲಿ ಹೆರಿಂಗ್ ಉದ್ಯಮಕ್ಕಾಗಿಯೇ ಒಂದು ಮಂಡಳಿಯನ್ನು ಸ್ಥಾಪಿಸಬೇಕಾಯಿತು. ಇಂಥ ಹೊತ್ತಿನಲ್ಲಿ ದೋಣಿ ಬಾಡಿಗೆಗೆ ಕೊಟ್ಟು, ಹುಟ್ಟು ಹಾಕಿ, ದಾರಿ ತೋರಿ ಪಡೆಯುವ ಕೂಲಿಯು ಮೀನುಗಾರ ಮನೆಗಳಿಗೆ ಸಣ್ಣ ಆಸರೆಯಾಗಿತ್ತು. ಆದರೂ ದಾಖಲೆಯ ಪಟ್ಟಿಯಲ್ಲಿ ಕೋಲು ಹಿಡಿದವನ ಹೆಸರು ಮಾತ್ರ ಉಳಿದು, ದೋಣಿಯ ಮುಖವನ್ನು ಗಂಟೆಗಟ್ಟಲೆ ತಿರುಗಿಸಿ ಹಿಡಿದವನ ಹೆಸರು ಉಳಿಯದೆ ಹೋದದ್ದು ಈ ಚರಿತ್ರೆಯ ದೊಡ್ಡ ಕೊರತೆ.

1939ರಲ್ಲಿ ಯುದ್ಧ ಆರಂಭವಾಗಿ, ಉತ್ತರ ಸಮುದ್ರವು ಸಿಡಿಗುಂಡುಗಳಿಂದ ಅಪಾಯದ ಕ್ಷೇತ್ರವಾದಾಗ ಬೇಟೆ ನಿಂತಿತು. ಮೀನುಗಾರಿಕೆಯೂ ತಗ್ಗಿದ್ದರಿಂದ ಕಡಲಿನಲ್ಲಿ ಮೀನಿನ ಸಂಪತ್ತು ಚೇತರಿಸಿಕೊಂಡಿತು. ಶಾಂತಿ ಮರಳಿದ ಮೇಲೆ ಗಾಳಗಾರರು ಮತ್ತೆ ಬಂದರಾದರೂ, ತೆರಿಗೆಗಳ ಭಾರದಲ್ಲಿ ದೊಡ್ಡ ವಿಹಾರನೌಕೆಗಳ ಕಾಲ ಮುಗಿದಿತ್ತು. 1949ರಲ್ಲಿ ಹೆಡ್ಲಿ ಲೂಯಿಸ್ ಎಂಬವರು ಹಿಡಿದ ಟ್ಯೂನಾ 852 ಪೌಂಡ್ ತೂಗಿ, ಮಿಚೆಲ್ ಹೆನ್ರಿ ದಾಖಲೆಯನ್ನು ಒಂದೇ ಪೌಂಡಿನಿಂದ ಮೀರಿತು. ಮೀನನ್ನು ತೂಗುಹಾಕಿದ್ದ ಹಗ್ಗ ಒದ್ದೆಯಾಗಿದ್ದು, ಅದರ ನೀರಿನ ತೂಕವೂ ಲೆಕ್ಕಕ್ಕೆ ಸೇರಿದೆಯೆಂದು ಮಿಚೆಲ್ ಹೆನ್ರಿ ಆಕ್ಷೇಪಿಸಿದ್ದರಿಂದ ಹೊಸ ತೂಕ ದಾಖಲೆಗೆ ಏರಲಿಲ್ಲ. ಹದಿನಾರು ವರ್ಷ ಹಳೆಯ ಗೆಲುವನ್ನು ಕಾಪಾಡಿಕೊಳ್ಳಲು ಮಾಡಿದ ಹಟವೆಂದು ಇದನ್ನು ನೋಡಬಹುದು. ಆದರೆ ಅಷ್ಟು ಭಾರದ ಮೀನಿನಲ್ಲಿ ಒಂದು ಪೌಂಡಿನ ಅಂತರವಿರುವಾಗ ಹಗ್ಗದ ತೂಕವನ್ನು ಕಳೆಯಬೇಕೆಂಬ ವಾದದಲ್ಲಿ ನ್ಯಾಯವಿತ್ತು ಎಂದೇ ಹೇಳಬೇಕಾಗುತ್ತದೆ. 1950ರ ದಶಕ ಆರಂಭವಾದಂತೆ ಮೀನು ಕಾಣಿಸುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, 1954ರಲ್ಲಿ ಹಿಡಿದ ಟ್ಯೂನಾ ಆ ಕಾಲದ ಕೊನೆಯದಾಯಿತು.

ಕೋಲು ಹಿಡಿದವರು ಟ್ಯೂನಾವನ್ನು ಮುಗಿಸಿದರು ಎನ್ನುವುದಕ್ಕೆ ಆಧಾರವಿಲ್ಲ. ಅವರು ಹಿಡಿದ ಮೀನುಗಳ ಸಂಖ್ಯೆ ಬಹಳ ಸಣ್ಣದು. ಅದೇ ವೇಳೆಗೆ ನಾರ್ವೆಯವರು ಪರ್ಸೀನ್ ಬಲೆಗಳಿಂದ ವರ್ಷಕ್ಕೆ ಸಾವಿರಾರು ಟನ್ ಟ್ಯೂನಾ ಹಿಡಿಯುತ್ತಿದ್ದರು. ಮೀನಿನ ಹಿಂಡನ್ನು ಸುತ್ತುವರಿದು, ಬಲೆಯ ತಳದ ಹಗ್ಗವನ್ನು ಹಣದ ಚೀಲದ ಬಾಯಿ ಬಿಗಿಯುವಂತೆ ಎಳೆದು ಮುಚ್ಚುವ ಈ ವಿಧಾನದಲ್ಲಿ ಹಿಂಡಿಗೆ ಹಿಂಡೇ ಒಳಗಾಗುತ್ತದೆ. 1960ರ ದಶಕದ ಆರಂಭದಲ್ಲಿ ನಾರ್ವೆಯ ಟ್ಯೂನಾ ಹಿಡುವಳಿಯೂ ಹಠಾತ್ತನೆ ಕುಸಿಯಿತು. ದಕ್ಷಿಣದಲ್ಲಿ ಮರಿಮೀನುಗಳನ್ನು ಹಿಡಿದದ್ದು, ಕಡಲಿನ ಉಷ್ಣತೆಯ ದೀರ್ಘಕಾಲದ ಏರಿಳಿತ, ಹೆರಿಂಗ್ ಕೊರತೆ, ಈ ಮೂರರಲ್ಲಿ ಯಾವುದರ ಪಾಲು ಎಷ್ಟೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ಹೆರಿಂಗ್‌ಗೆ ಆದ ಗತಿಯ ಬಗ್ಗೆ ಸಂದೇಹವಿಲ್ಲ. ಕೈಯಿಂದ ಎಳೆಯುತ್ತಿದ್ದ ಭಾರಿ ಬಲೆಯನ್ನು ಯಂತ್ರದ ರಾಟೆಯಿಂದ ಎತ್ತುವ ಉಪಾಯ ಪರ್ಸೀನ್ ದೋಣಿಗಳಿಗೆ ದೊರೆತ ಮೇಲೆ, 1965ರಲ್ಲಿ ಉತ್ತರ ಸಮುದ್ರದಿಂದ ಎತ್ತಿದ ಹೆರಿಂಗ್ 10 ಲಕ್ಷ ಟನ್ನನ್ನೂ ಮೀರಿತು. ಅದರ ಬಹುಪಾಲು ಮನುಷ್ಯರ ಊಟಕ್ಕೆ ಹೋಗದೆ ಮೀನಿನ ಎಣ್ಣೆ ಮತ್ತು ಹಿಟ್ಟಾಯಿತು. 1977ರಲ್ಲಿ ಅಲ್ಲಿನ ಹೆರಿಂಗ್ ಮೀನುಗಾರಿಕೆಯನ್ನೇ ಹಲವು ವರ್ಷಗಳ ಕಾಲ ಮುಚ್ಚಬೇಕಾಯಿತು. ಶತಮಾನಗಳ ಕಾಲ ತೇಲುಬಲೆ ಮಾಡದ ಕೆಲಸವನ್ನು ಪರ್ಸೀನ್ ಒಂದೇ ತಲೆಮಾರಿನಲ್ಲಿ ಮಾಡಿ ಮುಗಿಸಿತ್ತು.

ಕನ್ನಡ ಕರಾವಳಿಯ ಓದುಗರಿಗೆ ಈ ಕತೆ ಅಪರಿಚಿತವಲ್ಲ. ಬಂಗುಡೆ, ಬೂತಾಯಿಗಳ ಹಿಂಡು ದಡಕ್ಕೆ ಬಂದಾಗ ಊರಿನ ಹತ್ತಾರು ಮನೆಯವರು ಬಲೆಯ ತುಂಡುಗಳನ್ನು ಜೋಡಿಸಿ, ಒಟ್ಟಾಗಿ ಎಳೆದು, ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿಯೆಂಬ ವ್ಯವಸ್ಥೆಯು, 1970ರ ದಶಕದ ಮಧ್ಯಭಾಗದಲ್ಲಿ ಇದೇ ಬಗೆಯ ಪರ್ಸೀನ್ ಬೋಟುಗಳು ಮಂಗಳೂರು, ಮಲ್ಪೆ ಕಡಲಿಗೆ ಇಳಿದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು. ಹಿಂಡು ದಡವನ್ನು ತಲಪುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿದಾಗ ರಂಪಣಿಗೆ ಎಳೆಯಲು ಮೀನು ಉಳಿಯಲಿಲ್ಲ. ಸ್ಕಾರ್ಬರೋದಲ್ಲಿ ಕಳೆದುಹೋದದ್ದು ಮುಖ್ಯವಾಗಿ ಒಂದು ವಿನೋದ ಮತ್ತು ಅದನ್ನು ಅವಲಂಬಿಸಿದ ಸ್ವಲ್ಪ ಸಂಪಾದನೆ. ಕರಾವಳಿಯಲ್ಲಿ ಕಳೆದುಹೋದದ್ದು ಊರೂರಿನ ದುಡಿಮೆಯ ಕ್ರಮವೇ ಆದ್ದರಿಂದ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಎರಡು ಕಡಲುಗಳಲ್ಲಿಯೂ ಸಣ್ಣ ಮೀನಿನ ಹಿಂಡೇ ಎಲ್ಲಕ್ಕೂ ತಳಹದಿಯಾಗಿತ್ತು, ಎರಡು ಕಡೆಯೂ ಪೆಟ್ಟು ಬಿದ್ದದ್ದು ಆ ತಳಹದಿಗೇ.

ಸುಮಾರು ಅರ್ಧ ಶತಮಾನದ ಗೈರುಹಾಜರಿಯ ಬಳಿಕ, ಅಂತರರಾಷ್ಟ್ರೀಯ ಮಟ್ಟದಲ್ಲಿ ಹಿಡುವಳಿಗೆ ಮಿತಿ ಹಾಕಿ ಅದನ್ನು ಬಿಗಿಯಾಗಿ ಜಾರಿಗೆ ತಂದ ಮೇಲೆ, 2010ರ ದಶಕದಲ್ಲಿ ನೀಲಿ ರೆಕ್ಕೆಯ ಟ್ಯೂನಾ ಬ್ರಿಟನ್ನಿನ ಕಡಲಿಗೆ, ಮುಖ್ಯವಾಗಿ ನೈಋತ್ಯದ ಕಾರ್ನ್‌ವಾಲ್ ಮತ್ತು ಡೆವನ್ ತೀರಗಳಿಗೆ, ಮರಳಿ ಬರತೊಡಗಿತು. 2021ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವೈಜ್ಞಾನಿಕ ಕಾರ್ಯಕ್ರಮದಡಿ ಪಳಗಿದ ದೋಣಿಗಾರರು ಗಾಳದಿಂದ ಟ್ಯೂನಾ ಹಿಡಿದು, ಅದನ್ನು ನೀರಿನಲ್ಲಿಯೇ ಇರಿಸಿಕೊಂಡು ಉದ್ದ ಅಳೆದು, ಗುರುತಿನ ಪಟ್ಟಿ ಸಿಕ್ಕಿಸಿ ಬಿಡುತ್ತ ಬಂದರು. 2024ರಿಂದ ಹವ್ಯಾಸಿಗಳಿಗೂ ಪರವಾನಗಿಯ ಮೇಲೆ ಅವಕಾಶ ದೊರೆತಿದ್ದು, ಹಿಡಿದ ಮೀನನ್ನು ಬಿಟ್ಟುಬಿಡಬೇಕೆಂಬ ನಿಯಮ ಅವರಿಗೂ ಅನ್ವಯಿಸುತ್ತದೆ. ಮೀನನ್ನು ದಡಕ್ಕೆ ತಂದು ತೂಗಲು ಅವಕಾಶವಿಲ್ಲವಾದ್ದರಿಂದ, ಕೋಲಿನಿಂದ ಹಿಡಿದ ಟ್ಯೂನಾದ ಬ್ರಿಟಿಷ್ ದಾಖಲೆ ಈಗಲೂ 1933ರಲ್ಲಿ ಮಿಚೆಲ್ ಹೆನ್ರಿ ಹಿಡಿದ 851 ಪೌಂಡ್ ತೂಕದ ಮೀನಿನ ಹೆಸರಿನಲ್ಲಿಯೇ ಇದೆ.